ಮಣ್ಣಿನ ಹುಲಿ, ಸಿಮೆಂಟಿನ ಎತ್ತು

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿ ಹಿಡಿದು ಹೊರಟವರಿಗೆ ಶಿಗ್ಗಾಂವಿಯ ಆಸುಪಾಸಿನಲ್ಲಿ ಗೊಟಗೋಡಿ ಸಿಕ್ಕುತ್ತದೆ. ಊರು ಸಣ್ಣದು, ಆದರೆ ಎರಡು ಕಾರಣಗಳಿಂದ ಅದರ ಹೆಸರು ಈಗ ದೂರದವರಿಗೂ ಪರಿಚಿತವಾಗಿದೆ. ಒಂದು, ೨೦೧೧ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಇನ್ನೊಂದು, ಕಲಾವಿದ ಟಿ. ಬಿ. ಸೊಲಬಕ್ಕನವರ ಮಾರ್ಗದರ್ಶನದಲ್ಲಿ ರೂಪುಗೊಂಡ ಉತ್ಸವ ರಾಕ್ ಗಾರ್ಡನ್. ಉತ್ತರ ಕರ್ನಾಟಕದ ಹಳ್ಳಿಯ ಬಾಳು ಅಲ್ಲಿ ಆಳೆತ್ತರದ ಸಿಮೆಂಟಿನ ಗೊಂಬೆಗಳಾಗಿ ನಿಂತಿದೆ: ಎತ್ತು, ಹೊಲ, ಮನೆ, ಅಂಗಳ, ಕಸುಬು, ಹಬ್ಬ ಎಲ್ಲವೂ. ಎಲ್ಲಕ್ಕೂ ಬಣ್ಣ ಬಳಿದಿದೆ. ತುಸು ದೂರದಿಂದ ಕಂಡರೆ, ಕೂತವರನ್ನು ಮಾತಾಡಿಸಬೇಕೆನ್ನಿಸುವಷ್ಟು ಜೀವಂತವಾಗಿವೆ.

ನಾನು ಅಲ್ಲಿಗೆ ಹೋದಾಗ ಜೊತೆಗಿದ್ದ ಮಿತ್ರರು ಚಿತ್ರಕಲೆಯನ್ನು ಶಾಸ್ತ್ರೀಯವಾಗಿ ಓದಿಕೊಂಡವರು. ಒಂದು ಸುತ್ತು ಬಂದು, ಮರದ ನೆರಳಿಗೆ ನಿಂತು, ತೀರ್ಪು ಕೊಟ್ಟೇಬಿಟ್ಟರು: “ಛಲೋ ಅದ ಬಿಡ್ರಿ. ಆದ್ರ ಇದನ್ನ ಕಲಾ ಅಂತ ಹೆಂಗ ಅನ್ನೂದು? ಜಾತ್ರಿ ಗೊಂಬಿ ದೊಡ್ಡವಾದ್ರ ಶಿಲ್ಪ ಆಗ್ತಾವೇನ್ರೀ?” ನಮ್ಮೆದುರಿಗೇ ಒಬ್ಬ ಮುದುಕಿ, ಸಿಮೆಂಟಿನ ಎತ್ತಿನ ಬೆನ್ನು ಸವರಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡು ಮುಂದೆ ಹೋದಳು. ಮಿತ್ರರ ಪ್ರಶ್ನೆ ಒಂದು ಕಡೆ, ಮುದುಕಿಯ ಕೈ ಇನ್ನೊಂದು ಕಡೆ. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ, ಹೆದ್ದಾರಿಯ ಬದಿಯಲ್ಲಿ ಚಹದ ಕಪ್ಪು-ಬಸಿ ಕೈಗೆ ಬಂದಾಗ. ಈ ಪ್ರಶ್ನೆ ನಮಗೆ ಹೊಸದಾಗಿರಬಹುದು. ಇಂಗ್ಲೆಂಡಿನ ಮಣ್ಣಿನ ಸಾಮಾನಿನ ಚರಿತ್ರೆಯಲ್ಲಿ ಇದು ನೂರು ವರ್ಷಗಳಿಗೂ ಹಿಂದೆ ಎದ್ದು, ಒಂದು ಬಗೆಯ ಉತ್ತರವನ್ನೂ ಪಡೆದಿದೆ. ಆ ಉತ್ತರದಿಂದ ನಾವು ಕಲಿಯಬೇಕಾದದ್ದಿದೆ. ಅದು ನಮಗೆ ಸಾಲದೆ ಬರುವ ಜಾಗವೂ ಇದೆ.

ಪಿಂಗಾಣಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಗಾಜಿನ ಕಪಾಟು. ಅದರೊಳಗೆ ಎಂದೂ ಬಳಸದ, ಬೀಗರು ಬಂದಾಗ ಮಾತ್ರ ಹೊರಗೆ ಬರುವ ಆರು ಕಪ್ಪು, ಆರು ಬಸಿ. ಈ ಭಕ್ತಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದೂ ಬೇರೆಯವರ ಸೊತ್ತಿನ ಮೇಲಣ ಆಸೆಯಿಂದ. ಚೀನಾದ ಬಿಳಿ ಪಿಂಗಾಣಿಯ ಗುಟ್ಟು ಯುರೋಪಿಗೆ ಬಹುಕಾಲ ಗೊತ್ತಿರಲಿಲ್ಲ. ೧೭೧೦ರಲ್ಲಿ ಜರ್ಮನಿಯ ಮೈಸನ್ನಿನಲ್ಲಿ ಕಾರ್ಖಾನೆ ತೆರೆಯಿತು. ಇಂಗ್ಲೆಂಡಿನಲ್ಲಿ ಚೆಲ್ಸಿ, ಬೋ, ಡರ್ಬಿ, ವೂಸ್ಟರ್ ಕಾರ್ಖಾನೆಗಳು ತಲೆಯೆತ್ತಿದ್ದು ೧೭೪೦ರಿಂದೀಚೆಗೆ. ಅವು ಮಾಡಿದ್ದು ನಿಜವಾದ ಚೀನೀ ಪಿಂಗಾಣಿಯಲ್ಲ. ಅದರಂತೆ ಕಾಣುವ, ತುಸು ಮೃದುವಾದ ಮಾಲು. ಆವಿಗೆಯಲ್ಲಿ ಬಾಗುತ್ತಿತ್ತು, ಸೀಳುತ್ತಿತ್ತು. ವಿಲಿಯಂ ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ ಕಾರ್ನ್‌ವಾಲಿನ ನೆಲದಲ್ಲಿ ಬಿಳಿ ಜೇಡಿಯನ್ನು ಕಂಡುಹಿಡಿದು ೧೭೬೮ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಅಲ್ಲಿ ಗಟ್ಟಿ ಪಿಂಗಾಣಿ ಸಾಧ್ಯವಾಯಿತು. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಸ್ಟೋಕ್ ಊರಿನ ಸ್ಪೋಡ್ ಮನೆತನದವರು ಮಿಶ್ರಣದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ದನದ ಎಲುಬಿನ ಬೂದಿ ಸೇರಿಸಿ, ತೆಳ್ಳಗೂ ಗಟ್ಟಿಯಾಗಿಯೂ ಇರುವ ಬೋನ್ ಚೈನಾವನ್ನು ಹದಕ್ಕೆ ತಂದರು. ಉಪ್ಪಿನಕಾಯಿ ಭರಣಿಗೆ ಜಾಗ ಕೊಟ್ಟ ನಮ್ಮ ಮಡಿಯ ಅಡುಗೆಮನೆಗಳು ಚಹದ ಕಪ್ಪನ್ನು ಹೊಸ್ತಿಲಾಚೆಗೇ ನಿಲ್ಲಿಸಿದ್ದುಂಟು. ಅದರಲ್ಲಿ ಏನು ಬೆರೆತಿದೆ ಎಂಬುದನ್ನು ಅಜ್ಜಿಯರು ಕೇಳಿ ತಿಳಿದಿದ್ದರೋ ಊಹಿಸಿದ್ದರೋ, ಬೋನ್ ಚೈನಾದ ಮಟ್ಟಿಗೆ ಅವರ ಸಂದೇಹ ಸುಳ್ಳಾಗಿರಲಿಲ್ಲ.

ಶ್ರೀಮಂತರ ಸಂಗ್ರಹವೆಲ್ಲ ಈ ಚೆಲ್ಸಿ-ಬೋ-ವೂಸ್ಟರುಗಳ ಸುತ್ತ ಬೆಳೆಯಿತು. ಸಂಗ್ರಾಹಕರಲ್ಲಿ ಅಗ್ರಪೂಜೆ ಸಲ್ಲಬೇಕಾದದ್ದು ಲೇಡಿ ಶಾರ್ಲಟ್ ಶ್ರೈಬರ್ ಎಂಬಾಕೆಗೆ. ವೇಲ್ಸ್ ಭಾಷೆಯ ಹಳೆಯ ಕಥೆಗಳನ್ನು ಇಂಗ್ಲಿಷಿಗೆ ತಂದ ಈ ವಿದುಷಿ, ಗಂಡನೊಡನೆ ಯುರೋಪಿನ ಊರೂರು ಸುತ್ತಿ, ಹಳೇ ಸಾಮಾನಿನ ಅಂಗಡಿಗಳ ಧೂಳಿನಲ್ಲಿ ಕೈಯಾಡಿಸಿ, ಇಂಗ್ಲಿಷ್ ಪಿಂಗಾಣಿಯನ್ನು ಆರಿಸಿ ತಂದಳು. ಗಂಡ ತೀರಿದ ಮೇಲೆ, ೧೮೮೪ರಲ್ಲಿ, ಅದನ್ನೆಲ್ಲ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟಳು. ಅದೇ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ. ಆಕೆಯ ಕಣ್ಣು ದೊಡ್ಡದು. ಆದರೆ ಆಕೆಯ ಹಿಂದೆ ಬಂದವರಲ್ಲಿ ಅನೇಕರಿಗೆ ಕಣ್ಣಿಗಿಂತ ಭೂತಗನ್ನಡಿಯೇ ಮುಖ್ಯವಾಯಿತು. ಬಸಿಯನ್ನು ಬೋರಲು ಹಾಕಿ ತಳದ ಮುದ್ರೆ ಓದುವುದೇ ರಸಿಕತೆಯಾಯಿತು. ವಜ್ರಾಕೃತಿಯ ನೋಂದಣಿ ಗುರುತಿದ್ದರೆ ಅದು ೧೮೪೨ರಿಂದ ೧೮೮೩ರ ನಡುವಿನ ವಿನ್ಯಾಸ. ‘ಇಂಗ್ಲೆಂಡ್’ ಎಂಬ ಅಕ್ಷರವಿದ್ದರೆ ಸಾಮಾನ್ಯವಾಗಿ ೧೮೯೧ರ ಈಚಿನದು, ಏಕೆಂದರೆ ಅಮೆರಿಕಾದ ಸುಂಕದ ಕಾನೂನು ಆ ವರ್ಷ ದೇಶದ ಹೆಸರನ್ನು ಕೇಳಿತು. ಇದೆಲ್ಲ ಬೇಕಾದ ವಿದ್ಯೆಯೇ, ನಮ್ಮ ಮನೆಗಳ ಹಳೆಯ ತಟ್ಟೆಗಳಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಜಾತಕ ನೋಡಿ ಹೆಣ್ಣಿನ ಮುಖ ನೋಡದೆ ಎದ್ದುಬಂದ ಹಾಗೆ ಆಗಬಾರದು. ಮುದ್ರೆಯನ್ನು ನಂಬಿದವರನ್ನು ಪ್ಯಾರಿಸ್ಸಿನ ಸ್ಯಾಮ್ಸನ್ನನ ಕಾರ್ಖಾನೆ ಚೆನ್ನಾಗಿ ಬಲ್ಲದ್ದಾಗಿತ್ತು. ಅಲ್ಲಿ ತಯಾರಾದ ‘ಚೆಲ್ಸಿ’ಗಳು ಎಷ್ಟೋ ಕಪಾಟುಗಳಲ್ಲಿ ಕುಲೀನರಂತೆ ಕುಳಿತವು.

ಮುದ್ರೆಯಷ್ಟೇ ಅಲ್ಲ, ಮೇಲಿನ ಚಿತ್ರವೂ ಸುಳ್ಳಾಡಬಲ್ಲದು. ನೀಲಿ ‘ವಿಲೋ’ ತಟ್ಟೆಯನ್ನು ಕಾಣದವರು ಕಡಮೆ: ಸೇತುವೆಯ ಮೇಲೆ ಮೂವರು, ಬಾಗಿದ ಮರ, ಮೇಲೆ ಎರಡು ಹಕ್ಕಿ. ಓಡಿಹೋದ ಪ್ರಣಯಿಗಳ ಚೀನೀ ಪುರಾಣವಿದು ಎಂದು ಲೋಕವೆಲ್ಲ ನಂಬಿತು. ವಾಸ್ತವವಾಗಿ ಚಿತ್ರವನ್ನು ಚೀನೀ ಮಾದರಿಗಳಿಂದ ಕಟ್ಟಿದವರು ೧೭೯೦ರ ಆಚೀಚಿನ ಇಂಗ್ಲಿಷ್ ಕುಶಲಕರ್ಮಿಗಳು. ಕಥೆ ಅಚ್ಚಾದದ್ದು ೧೮೪೯ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ. ಮೊದಲು ತಟ್ಟೆ, ಆಮೇಲೆ ಪುರಾಣ! ನಮ್ಮ ದೇಶಕ್ಕೂ ಇದೇ ಉಪಚಾರ ನಡೆಯಿತು. ಕ್ಯಾಪ್ಟನ್ ವಿಲಿಯಂಸನ್ನನ ಬೇಟೆಯ ಪುಸ್ತಕದ ಚಿತ್ರಗಳನ್ನು ಸ್ಪೋಡ್ ಕಾರ್ಖಾನೆ ಊಟದ ತಟ್ಟೆಗಳಿಗಿಳಿಸಿತು. ಹುಲಿ, ಆನೆ, ಕಾಡುಹಂದಿಗಳ ಬೇಟೆ ನಡೆಯುವ ಹಿಂದೂಸ್ಥಾನ, ಇಂಗ್ಲಿಷ್ ಮೇಜಿನ ಮೇಲೆ ಮಾಂಸದ ತುಂಡಿನ ಕೆಳಗೆ ನೀಲಿಯಾಗಿ ಮಲಗಿತು.

ಇದು ಮಹಡಿಯ ಮೇಲಿನ ಕಥೆ. ನೆಲಮಟ್ಟದ ಕಥೆ ಬೇರೆ ಇದೆ, ನನ್ನ ಮಿತ್ರರ ಪ್ರಶ್ನೆಗೆ ಸಂಬಂಧಿಸಿದ್ದು ಅದೇ.

ಸ್ಟಾಫರ್ಡ್‌ಶೈರ್ ಜಿಲ್ಲೆಯ ಕುಂಬಾರಿಕೆಯ ಊರುಗಳಲ್ಲಿ ವೆಜ್‌ವುಡ್‌ನಂಥ ದೊಡ್ಡ ಹೆಸರುಗಳ ನೆರಳಿನಲ್ಲೇ ನೂರಾರು ಸಣ್ಣ ಆವಿಗೆಗಳಿದ್ದವು. ಅಲ್ಲಿ ಅಚ್ಚಿನಲ್ಲಿ ಒತ್ತಿ, ಸುಟ್ಟು, ಮೆರುಗು ಹಚ್ಚಿ, ಬಣ್ಣ ಬಳಿದ ಅಗ್ಗದ ಗೊಂಬೆಗಳು ತಯಾರಾಗುತ್ತಿದ್ದವು. ಜೋಡಿ ನಾಯಿ, ರಾಣಿ ವಿಕ್ಟೋರಿಯಾ, ನೆಲ್ಸನ್, ಧರ್ಮಬೋಧಕ ವೆಸ್ಲಿ, ದರೋಡೆಗಾರ ಟರ್ಪಿನ್ ಎಲ್ಲರೂ ಒಂದೇ ಸಾಲಿನಲ್ಲಿ! ಕೊಲೆ ಮಾಡಿ ಗಲ್ಲಿಗೇರಿದವನಿಗೂ ಗೊಂಬೆಯ ಭಾಗ್ಯವಿತ್ತು. ದುಡಿಯುವ ಜನ ಇವನ್ನು ಕೊಂಡು, ಚಳಿಗೆ ಬೆಂಕಿ ಹಾಕುವ ಗೂಡಿನ ಮೇಲಿನ ಹಲಗೆಯ ಮೇಲೆ ಇಡುತ್ತಿದ್ದರು. ಗೋಡೆಗೆ ಆನಿಸಿ ಇಡುವುದರಿಂದ ಮುಂದೆ ಮುಂದೆ ಬೆನ್ನಿನ ಕಡೆ ಚಪ್ಪಟೆಯಾಗಿಯೇ ಬಿಟ್ಟರು. ಕಾಣದ ಬೆನ್ನಿಗೆ ಬಣ್ಣವೇಕೆ?

ಇವುಗಳಲ್ಲಿ ಒಂದು ಗೊಂಬೆ ನಮ್ಮವರು ಅವಶ್ಯವಾಗಿ ತಿಳಿಯಬೇಕಾದದ್ದು. ‘ಮನ್ರೋನ ಮರಣ’ ಎಂದು ಅದರ ಹೆಸರು, ೧೮೨೦–೩೦ರ ಸುಮಾರಿನದು. ಅದರ ಒಂದು ಪ್ರತಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿದೆ. ಒಂದು ಹುಲಿ, ಅದರ ಬಾಯಲ್ಲಿ ಅಂಗಾತ ಮಲಗಿದ ಮನುಷ್ಯನ ತಲೆ. ಜನರಲ್ ಹೆಕ್ಟರ್ ಮನ್ರೋನ ಮಗ ೧೭೯೨ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಗೆ ಸಿಕ್ಕಿ ಸತ್ತ. ಆ ಹೆಕ್ಟರ್ ಮನ್ರೋ ೧೭೮೧ರ ಪೋರ್ಟೊ ನೋವೋ ಯುದ್ಧದಲ್ಲಿ ಹೈದರಾಲಿಯ ಎದುರು ನಿಂತವನು. ಇತ್ತ ಟಿಪ್ಪುವಿನ ಅರಮನೆಯಲ್ಲಿ, ಬಿಳಿಯನನ್ನು ಕೆಡವಿ ಮೇಲೇರಿದ ಮರದ ಹುಲಿಯೊಂದಿತ್ತು. ಕೀಲಿ ತಿರುಗಿಸಿದರೆ ಹುಲಿ ಗರ್ಜಿಸಿ ಮನುಷ್ಯ ನರಳುತ್ತಿದ್ದ. ಅದಕ್ಕೆ ಪ್ರೇರಣೆ ಮನ್ರೋನ ಸಾವೇ ಎಂದು ಹಲವರು ಬರೆದಿದ್ದಾರೆ. ಆದರೆ ಹುಲಿ ಟಿಪ್ಪುವಿಗೆ ಮೊದಲಿನಿಂದಲೂ ಲಾಂಛನ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ೧೮೦೮ರಿಂದ ಈಸ್ಟ್ ಇಂಡಿಯಾ ಕಂಪನಿಯ ಭವನದಲ್ಲಿ ಅದನ್ನು ನೋಡಲು ಜನ ಮುತ್ತಿದರು. ಮೈಸೂರಿನ ಹುಲಿಯ ಈ ಖ್ಯಾತಿಯೇ ಕುಂಬಾರರ ಮಣ್ಣಿನ ಹುಲಿಗೆ ಗಿರಾಕಿಗಳನ್ನು ತಂದಿರಬೇಕು.

ಈ ಗೊಂಬೆಯನ್ನು ಶಾಸ್ತ್ರದ ಕಣ್ಣಿನಿಂದ ಪರೀಕ್ಷಿಸಿದರೆ ಉಳಿಯುವುದೇನೂ ಇಲ್ಲ. ಹುಲಿಯಲ್ಲಿ ಹುಲಿತನ ಕಡಮೆ; ಕುಂಬಾರ ಹುಲಿಯನ್ನು ಕಂಡವನಲ್ಲ. ಸಾಯುತ್ತಿರುವವನ ಮುಖದಲ್ಲಿ ನೋವಿಲ್ಲ. ಊಟವಾದ ಮೇಲೆ ಒರಗಿದವನಂತೆ ಮಲಗಿದ್ದಾನೆ. ಪೀಠದ ಮೇಲೆ ಹೆಸರು ಬರೆಯುವಾಗ ಮನ್ರೋನ ಕೊನೆಗೆ ಒಂದು ಅಕ್ಷರ ಹೆಚ್ಚಾಗಿದೆ. ಮಾಡಿದವನ ಸಹಿಯಿಲ್ಲ, ಬರ್ಸ್ಲೆಮ್ಮಿನ ಓಬದಾಯ ಶೆರಾಟನ ಹೆಸರಿಗೆ ಇಂಥವನ್ನು ಹಚ್ಚುವುದು ಬಹುಕಾಲದ ರೂಢಿ, ಅಷ್ಟೆ. ಆದರೂ ಒಮ್ಮೆ ನೋಡಿದ ಗೊಂಬೆ ಮರೆಯುವುದಿಲ್ಲ. ಚೆಲ್ಸಿಯ ಕುರುಬತಿ ಎಷ್ಟು ಚೆಲುವೆಯಾದರೂ ಯಾರ ಮನೆಯ ಸುದ್ದಿಯನ್ನೂ ಹೇಳುವುದಿಲ್ಲ. ಈ ಹುಲಿ ಹೇಳುತ್ತದೆ: ದೂರದ ಒಂದು ದೇಶವನ್ನು ಗೆದ್ದೆವೆಂದು ಹಿಗ್ಗಿದ ಬಡ ಇಂಗ್ಲಿಷನ ಮನೆಯಲ್ಲಿ ಆ ದೇಶದ ಭಯವೂ ಬೆಂಕಿಗೂಡಿನ ಮೇಲೆ ಕುಳಿತಿತ್ತು ಎಂದು. ಶ್ರೀರಂಗಪಟ್ಟಣದಲ್ಲಿ ಗರ್ವವಾಗಿದ್ದದ್ದು ಬರ್ಸ್ಲೆಮ್ಮಿನಲ್ಲಿ ಅಲಂಕಾರವಾಯಿತು. ಒಂದು ಚರಿತ್ರೆಯ ಪುಟ ಇದಕ್ಕಿಂತ ಹೆಚ್ಚನ್ನು ಹೇಳೀತೇ?

ಇದನ್ನು ಅರಿತವನು ಬ್ರೈಟನ್ನಿನ ಹೆನ್ರಿ ವಿಲೆಟ್. ಆತ ಮದ್ಯ ತಯಾರಿಕೆಯಲ್ಲಿ ಹಣ ಮಾಡಿದ ವ್ಯಾಪಾರಿ. ತನ್ನ ಕಾಲದ ಸಂಗ್ರಾಹಕರು ಕಾರ್ಖಾನೆ ನೋಡಿ, ಮುದ್ರೆ ನೋಡಿ ಕೊಳ್ಳುತ್ತಿದ್ದಾಗ, ಈತ ಚಿತ್ರಿಸಿದ ವಿಷಯ ನೋಡಿ ಕೊಂಡ. ರಾಜರು, ಯುದ್ಧ, ಧರ್ಮ, ಕುಡಿತ, ಅಪರಾಧ, ಆಟಪಾಟ ಎಂದು ವಿಂಗಡಿಸಿಟ್ಟ. ದೇಶದ ಚರಿತ್ರೆ ಅದರ ಮನೆಬಳಕೆಯ ಮಣ್ಣಿನ ಸಾಮಾನಿನಲ್ಲಿದೆ ಎಂಬುದು ಅವನ ನಂಬಿಕೆ. ಸುಮಾರು ಎರಡು ಸಾವಿರ ವಸ್ತುಗಳ ಆ ಸಂಗ್ರಹ ೧೮೯೯ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ ಪ್ರದರ್ಶನಗೊಂಡು, ೧೯೦೩ರಲ್ಲಿ ಬ್ರೈಟನ್ನಿನ ಸಂಗ್ರಹಾಲಯಕ್ಕೆ ಸೇರಿತು. ಜಾತ್ರೆ ಗೊಂಬೆ ಕಲೆಯೇ ಎಂಬ ಪ್ರಶ್ನೆಗೆ ವಿಲೆಟ್ ವಾದ ಮಾಡಲಿಲ್ಲ. ಅದನ್ನು ಅದರ ನೆರೆಹೊರೆಯವರ ಜೊತೆಗೆ ಸಾಲಾಗಿ ಇಟ್ಟ. ಒಂಟಿಯಾಗಿ ಪೆದ್ದಾಗಿ ಕಂಡದ್ದು ಸಾಲಿನಲ್ಲಿ ನಿಂತಾಗ ಮಾತಾಡಿತು.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಮಣ್ಣನ್ನು ಬಳಸಲಿಲ್ಲ, ನಾಲಿಗೆಯನ್ನು ಬಳಸಿದರು. ಇಂಗ್ಲೆಂಡಿನ ಕುಂಬಾರರು ೧೮೫೭ರ ಸುದ್ದಿ ಕೇಳಿ ಜನರಲ್ ಹ್ಯಾವ್‌ಲಾಕನ ಗೊಂಬೆ ಮಾಡಿದರು. ನಮ್ಮ ಹಾಡುಗಾರರು ಹಲಗಲಿಯ ಬೇಡರ ಮೇಲೆ ಲಾವಣಿ ಕಟ್ಟಿದರು. ೧೮೩೧ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಲಾವಣಿಯಲ್ಲಿ ಬದುಕಿ ಉಳಿದ. ಆ ಲಾವಣಿಗಳನ್ನು ೧೮೮೦ರ ದಶಕದಲ್ಲಿ ಬರೆಸಿಕೊಂಡು ಅಚ್ಚು ಹಾಕಿಸಿದವನೂ ಒಬ್ಬ ಇಂಗ್ಲಿಷ್ ಅಧಿಕಾರಿ, ಜೆ. ಎಫ್. ಫ್ಲೀಟ್. ಶಾಸನಗಳ ಪಂಡಿತನಾದ ಆತನಿಗೆ ಬೀದಿಯ ಹಾಡೂ ದಾಖಲೆಯೆನ್ನಿಸಿತು. ನಮ್ಮ ಓದಿದವರಲ್ಲಿ ಬಹುಮಂದಿ ಆಗ ಅದನ್ನು ಹಾಡೆಂದೂ ಎಣಿಸುತ್ತಿರಲಿಲ್ಲ.

ಹಾಗಾದರೆ ಗೊಟಗೋಡಿಯ ಗೊಂಬೆಗಳ ಮಾತೇನು? ಅವು ವಿಲೆಟ್ಟನ ಸಾಲಿಗೆ ಸೇರಿದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇಡೀ ಒಂದು ಬಾಳಿನ ಕ್ರಮವನ್ನು ಅಂಗಭಂಗಿಗಳಲ್ಲಿ ಹಿಡಿದಿಡುವ ಹಟ ಅವುಗಳಲ್ಲಿದೆ. ಕುಕ್ಕರಗಾಲಲ್ಲಿ ಕೂತ ಬಗೆ, ಸೆರಗು ಸಿಕ್ಕಿಸಿದ ರೀತಿ, ಹೆಗಲ ಕಂಬಳಿ ಇವೆಲ್ಲ ಕಂಡವರ ಕೈಯಿಂದಲೇ ಬರುವಂಥವು. ಮನ್ರೋನ ಕುಂಬಾರನಂತೆ ಕಾಣದ ಹುಲಿಯನ್ನು ಮಾಡಿದ ಕೈಯಲ್ಲ ಇದು. ೨೦೨೦ರಲ್ಲಿ ತೀರಿಕೊಂಡ ಸೊಲಬಕ್ಕನವರು ದೊಡ್ಡಾಟದ ವೇಷಭೂಷಣಗಳ ಲೋಕದಲ್ಲಿ ಬೆಳೆದ ಕಲಾವಿದರು. ಬಣ್ಣವೆಂದರೆ ಅವರಿಗೆ ನಾಚಿಕೆಯ ವಿಷಯವಾಗಿರಲಿಲ್ಲ. ನಾಚಿಕೆ ನಮ್ಮದು, ಬಿಳಿಯ ಅಮೃತಶಿಲೆಯೇ ಶಿಲ್ಪವೆಂದು ಓದಿಕೊಂಡವರದು.

ಆದರೆ ಮೆಚ್ಚಿಕೆಯ ಜೊತೆಗೇ ಒಂದು ಆಕ್ಷೇಪಣೆಯನ್ನೂ ಹೇಳಬೇಕು. ಸ್ಟಾಫರ್ಡ್‌ಶೈರ್ ಗೊಂಬೆಗಳ ಆ ಪ್ರಸನ್ನ ಮುಖಗಳಿಗೆ ಬಣ್ಣ ಬಳಿದ ಕೈಗಳಲ್ಲಿ ಎಷ್ಟೋ ಮಕ್ಕಳ ಕೈಗಳಿದ್ದವು. ೧೮೪೦ರ ದಶಕದ ಆರಂಭದಲ್ಲಿ ಸರಕಾರ ನಡೆಸಿದ ವಿಚಾರಣೆ, ಎಳೆಯ ಮಕ್ಕಳು ಕುಂಬಾರಿಕೆಯ ಕಾರ್ಖಾನೆಗಳಲ್ಲಿ ದಿನವಿಡೀ ದುಡಿಯುತ್ತಿದ್ದುದನ್ನು ದಾಖಲಿಸಿತು. ಮೆರುಗಿನಲ್ಲಿದ್ದ ಸೀಸ ಎಷ್ಟೋ ಕೆಲಸಗಾರರ ಮೈಗೆ ವಿಷವಾಯಿತು. ಗೊಂಬೆಯ ಮುಖದಲ್ಲಿ ಇದಾವುದೂ ಕಾಣದು. ಜನಪ್ರಿಯ ಕಲೆ ನೋವನ್ನು ನುಂಗಿ ನಗುತ್ತದೆ. ಅದರ ಶಕ್ತಿಯೂ ಅದೇ, ಅಪಾಯವೂ ಅದೇ. ಗೊಟಗೋಡಿಯ ಸಿಮೆಂಟಿನ ಹಳ್ಳಿಯಲ್ಲೂ ಮಳೆ ಕೈಕೊಟ್ಟ ವರ್ಷವಿಲ್ಲ, ಸಾಲಗಾರನ ಭಯವಿಲ್ಲ. ಕೇರಿಗೂ ಊರಿಗೂ ನಡುವೆ ಇರುವ ಗೆರೆ ಎದ್ದು ಕಾಣುವುದಿಲ್ಲ. ಪಟ್ಟಣದಿಂದ ಬಂದ ನಾವು ಎಷ್ಟು ಚೆಂದದ ಕಾಲ ಕಳೆದುಹೋಯಿತೆಂದು ನಿಟ್ಟುಸಿರು ಬಿಟ್ಟು, ಫೋಟೋ ತೆಗೆದುಕೊಂಡು, ಬಸ್ಸು ಹತ್ತುತ್ತೇವೆ. ಆ ಬಾಳನ್ನು ಬಾಳಿದ ಮುದುಕಿ ನಿಟ್ಟುಸಿರು ಬಿಡಲಿಲ್ಲ. ಎತ್ತಿಗೆ ಕೈಮುಗಿದಳು.

ಆ ಕೈಮುಗಿದ ರೀತಿಯೇ ನನ್ನನ್ನು ಇಂಗ್ಲಿಷ್ ಸಂಗ್ರಾಹಕರಿಂದ ದೂರಕ್ಕೆ ಕರೆದೊಯ್ದದ್ದು. ಆಕೆಗೆ ಎತ್ತಿನ ಗೊಂಬೆ ಹೊಸದಲ್ಲ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಸೀಮೆಯ ಮನೆಮನೆಯಲ್ಲೂ ಹಸಿ ಮಣ್ಣಿನ ಎತ್ತು ಪೂಜೆಗೊಳ್ಳುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡಿ ಕೂರಿಸುತ್ತಾರೆ. ಭಾದ್ರಪದದಲ್ಲಿ ಜೋಕುಮಾರ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಬೇವಿನ ಸೊಪ್ಪಿನ ನಡುವೆ ಓಣಿ ಓಣಿ ತಿರುಗುತ್ತಾನೆ. ಇವನ್ನು ಆವಿಗೆಯಲ್ಲಿ ಸುಡುವುದಿಲ್ಲ, ಮೆರುಗು ಹಚ್ಚುವುದಿಲ್ಲ. ಕೆಲವು ದಿನ ಇದ್ದು ಮಣ್ಣಿಗೆ ಮಣ್ಣಾಗಿ ಹೋಗುವುದಕ್ಕೇ ಅವು ಹುಟ್ಟುವುದು. ವಿಲೆಟ್ಟನಂಥ ವಿಲೆಟ್ಟನೂ ಇವನ್ನು ಏನು ಮಾಡಿಯಾನು? ಕಪಾಟಿನಲ್ಲಿಟ್ಟ ಜೋಕುಮಾರ ಜೋಕುಮಾರನೇ ಅಲ್ಲ; ಹುಣ್ಣಿಮೆಗೆ ಸಾಯದವನು ಮರುವರ್ಷ ಹುಟ್ಟಲಾರ.

ಆದುದರಿಂದ ನಮ್ಮಲ್ಲಿ ಸಂಗ್ರಹವೆಂಬ ಮಾತಿನ ಅರ್ಥವೇ ಬದಲಾಗಬೇಕಾಗುತ್ತದೆ. ಇಂಗ್ಲಿಷರಿಗೆ ವಸ್ತು ಉಳಿಯಿತು, ಕೈ ಹೋಯಿತು. ಸ್ಪೋಡ್ ಕಾರ್ಖಾನೆ ೨೦೦೮ರಲ್ಲಿ, ವೆಜ್‌ವುಡ್ ೨೦೦೯ರಲ್ಲಿ ಆರ್ಥಿಕವಾಗಿ ಕುಸಿದವು. ೧೭೫೯ರಲ್ಲಿ ಜೋಸಿಯಾ ವೆಜ್‌ವುಡ್ ಹಾಕಿದ ಬುನಾದಿಯಿಂದ ಬೆಳೆದ ಸಂಗ್ರಹವೇ ಸಾಲಗಾರರ ಪಾಲಾಗುವುದರಲ್ಲಿತ್ತು. ೨೦೧೪ರಲ್ಲಿ ಸಾರ್ವಜನಿಕರೂ ಸಂಸ್ಥೆಗಳೂ ಸೇರಿ ೧೫೭.೫ ಲಕ್ಷ ಪೌಂಡು ಕೂಡಿಸಿ ಅದನ್ನು ಉಳಿಸಿಕೊಂಡರು. ಅದನ್ನು ತೂಗಿ ನೋಡಬಹುದು, ಎಣಿಸಬಹುದು, ಕೊಳ್ಳಬಹುದು. ಮಣ್ಣೆತ್ತಿನ ಸಂಗ್ರಹವನ್ನು ಹೀಗೆ ಹಣ ಕೂಡಿಸಿ ಬಿಡಿಸಿಕೊಳ್ಳಲಾಗುವುದಿಲ್ಲ. ಯಾವ ಕೆರೆಯ ಮಣ್ಣು, ಎಷ್ಟು ಹದ, ಹೆಗಲಿನ ಉಬ್ಬನ್ನು ಯಾವ ಬೆರಳಿನಿಂದ ತೆಗೆಯಬೇಕು, ಮಾಡುವಾಗ ಯಾವ ಹಾಡು ಎಂಬುದೆಲ್ಲ ಕೈಯಿಂದ ಕೈಗೆ ದಾಟಿದರೆ ಉಂಟು, ಇಲ್ಲವಾದರೆ ಇಲ್ಲ. ಪೇಟೆಯಿಂದ ಅಚ್ಚಿನ ಎತ್ತು ತಂದು ಪೂಜೆ ಮಾಡುವ ಮನೆಗಳು ಈಗ ಹೆಚ್ಚುತ್ತಿವೆ. ಅಚ್ಚು ಒಳ್ಳೆಯದೇ, ಸ್ಟಾಫರ್ಡ್‌ಶೈರ್ ನಿಂತದ್ದೂ ಅಚ್ಚಿನ ಮೇಲೆಯೇ. ಆದರೆ ಮನೆಯ ಹುಡುಗನ ಬೆರಳಿಗೆ ಮಣ್ಣು ಹತ್ತದೆ ಹೋದ ವರ್ಷ, ಆ ಮನೆಯ ಸಂಗ್ರಹದಿಂದ ಒಂದು ವಸ್ತು ಒಡೆದಂತೆಯೇ ಲೆಕ್ಕ. ಒಡೆದ ಸದ್ದು ಮಾತ್ರ ಕೇಳಿಸುವುದಿಲ್ಲ.

ಗೊಟಗೋಡಿಯಲ್ಲಿ ಒಂದೇ ಊರಿನ ನೆಲದ ಮೇಲೆ ಒಂದು ಕಡೆ ಕರಗದ ಎತ್ತುಗಳಿವೆ, ಇನ್ನೊಂದು ಕಡೆ ಕರಗುವ ವಿದ್ಯೆಗಳನ್ನೇ ಅಭ್ಯಾಸದ ವಿಷಯವಾಗಿ ಹೊತ್ತ ವಿಶ್ವವಿದ್ಯಾಲಯವಿದೆ. ಇಂಥ ನೆರೆಹೊರೆ ಸುಲಭವಾಗಿ ಸಿಕ್ಕುವಂಥದಲ್ಲ. ಸಿಮೆಂಟಿನ ಎತ್ತನ್ನು ನೋಡಲು ಬಂದ ಮಕ್ಕಳು ಹಿಂದಿರುಗುವ ಮೊದಲು ಒಂದು ಮುಷ್ಟಿ ಹಸಿಮಣ್ಣು ಹಿಡಿದು, ಬಲ್ಲ ಅಜ್ಜಿಯೊಬ್ಬಳ ಪಕ್ಕದಲ್ಲಿ ಕೂತು, ಕೋಡು ಮುರಿದು ಮತ್ತೆ ಹಚ್ಚಿ, ಒಂದು ಎತ್ತು ಮಾಡುವಂತಾದರೆ ಆ ಎರಡು ಸಂಸ್ಥೆಗಳ ನಡುವಿನ ದಾರಿ ಸಾರ್ಥಕವಾದೀತು. ಬರೆದಿಡುವವರು ಪಕ್ಕದಲ್ಲಿ ಕೂತು ಹಾಡನ್ನೂ ಬರೆದುಕೊಳ್ಳಲಿ. ಫ್ಲೀಟನಿಗೆ ಕಾಯುವುದು ಬೇಡ.

ಮಿತ್ರರಿಗೆ ನನ್ನ ಉತ್ತರ ಇಷ್ಟು. ಗೊಂಬೆ ದೊಡ್ಡದಾದ ಮಾತ್ರಕ್ಕೆ ಶಿಲ್ಪವಾಗುವುದಿಲ್ಲ, ಒಪ್ಪಿದೆ. ಚಿಕ್ಕದೂ ಅಗ್ಗದ್ದೂ ಆದ ಮಾತ್ರಕ್ಕೆ ಕಲೆಯಲ್ಲದೆಯೂ ಹೋಗುವುದಿಲ್ಲ. ತಳ ತಿರುವಿ ಮುದ್ರೆ ನೋಡುವ ಮೊದಲು, ಅದರ ಮುಂದೆ ನಿಂತವರ ಮುಖವನ್ನೊಮ್ಮೆ ನೋಡಬೇಕು. ಅಂದು ನಾನು ಮುದುಕಿಯನ್ನು ಮಾತಾಡಿಸಬೇಕಾಗಿತ್ತು, “ಯವ್ವಾ, ನಿಮ್ಮ ಮನ್ಯಾಗ ಎತ್ತು ಯಾರು ಮಾಡ್ತಾರ?” ಎಂದು ಕೇಳಬೇಕಾಗಿತ್ತು. ನಾವು ಕಲೆಯ ಚರ್ಚೆಯಲ್ಲಿ ಮುಳುಗಿದ್ದೆವು. ಆಕೆ ಬಸ್ಸು ಹತ್ತಿ ಹೋಗಿಬಿಟ್ಟಳು.